ಹೊಲದಿಂದ ಮಾರುಕಟ್ಟೆಗೆ: ದಾರಿಯ ಮೇಲೂ ಇರಲಿ ರೈತನ ನಿಗಾ

ಬೆಳೆ ಬೆಳೆಯುವುದು ಬೇಸಾಯದ ಅರ್ಧ ಭಾಗವಾದರೆ, ಬೆಳೆದುದನ್ನು ಸೋರದಂತೆ, ಕೆಡದಂತೆ, ಸಕಾಲದಲ್ಲಿ ಮಾರುಕಟ್ಟೆಗೆ ಮುಟ್ಟಿಸುವುದು ಇನ್ನರ್ಧ. ಉತ್ತಮ ಬೀಜ, ಸಕಾಲಿಕ ಬಿತ್ತನೆ, ಗೊಬ್ಬರ, ಸಸ್ಯ ಸಂರಕ್ಷಣೆ ಇವುಗಳ ಬಗ್ಗೆ ನಾವು ಸಾಕಷ್ಟು ಚರ್ಚಿಸುತ್ತೇವೆ. ಆದರೆ ಮಾಲು ಗಾಡಿಯೇರಿ ಹೊಲದ ಬದು ದಾಟಿದ ಮೇಲೆ ಏನಾಗುತ್ತದೆಂಬುದನ್ನು ಲೆಕ್ಕವಿಡುವ ರೈತರು ವಿರಳ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಬಹಳಷ್ಟು ಸಲ ಈ ದಾರಿಯಲ್ಲಿಯೇ.

ದಾರಿಯಲ್ಲಿ ಕಳೆದುಹೋಗುವುದು ಬರಿಯ ಮಾಲಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಇವರಲ್ಲಿ 11,702 ಮಂದಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು. ದೇಶದ ಒಟ್ಟು ಸಾವುಗಳಲ್ಲಿ ಸುಮಾರು ಮೂರನೆಯ ಎರಡರಷ್ಟು ಗ್ರಾಮೀಣ ಪ್ರದೇಶದಲ್ಲಿ ಸಂಭವಿಸಿದವು. ಸಾರಿಗೆ ನೀತಿಯೆಂಬುದು ಪಟ್ಟಣದವರ ಮತ್ತು ಲಾರಿ ಮಾಲೀಕರ ವಿಷಯವೆಂದು ರೈತರು ಸುಮ್ಮನಿರಲಾಗದು ಎಂಬುದಕ್ಕೆ ಇಷ್ಟು ಅಂಕಿಗಳೇ ಸಾಕು.

ರಸ್ತೆ, ಸುರಕ್ಷತೆ ಮತ್ತು ಸರಕು ಸಾಗಣೆ ಈ ಮೂರು ವಿಷಯಗಳಲ್ಲಿ ರೈತರು ತಿಳಿದಿರಬೇಕಾದುದನ್ನೂ, ತಮ್ಮ ಊರಿನ ಮಟ್ಟದಲ್ಲಿ ಹೇಗೆ ನಿಗಾ ಇಡಬಹುದೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ರಸ್ತೆ ಯಾರದು?

ಗುಂಡಿ ಬಿದ್ದ ರಸ್ತೆಯ ಬಗ್ಗೆ ದೂರು ಕೊಡಬೇಕಾದರೆ ಮೊದಲು ಆ ರಸ್ತೆ ಯಾರ ಸುಪರ್ದಿಗೆ ಸೇರಿದ್ದೆಂದು ತಿಳಿಯಬೇಕು. ರಾಜ್ಯ ಹೆದ್ದಾರಿಗಳೂ ಜಿಲ್ಲಾ ಮುಖ್ಯ ರಸ್ತೆಗಳೂ ಲೋಕೋಪಯೋಗಿ ಇಲಾಖೆಗೆ ಸೇರಿದವು. ಹಳ್ಳಿಯಿಂದ ಹಳ್ಳಿಗೆ ಹೋಗುವ ಗ್ರಾಮೀಣ ರಸ್ತೆಗಳು ಬಹುಪಾಲು ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯ ಉಸ್ತುವಾರಿಯಲ್ಲಿವೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳನ್ನು ನಮ್ಮ ರಾಜ್ಯದಲ್ಲಿ ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆಯ ಮೂಲಕ ನಿರ್ಮಿಸಲಾಗುತ್ತದೆ. ಊರೊಳಗಿನ ಬೀದಿಗಳ ಹೊಣೆ ಗ್ರಾಮ ಪಂಚಾಯಿತಿಯದು.

ಗ್ರಾಮ ಸಡಕ್ ಯೋಜನೆ ಪ್ರಾರಂಭವಾದುದು 2000ನೆಯ ಇಸವಿಯ ಡಿಸೆಂಬರ್ 25ರಂದು. ಬಯಲು ಪ್ರದೇಶದಲ್ಲಿ 500 ಜನಸಂಖ್ಯೆಯುಳ್ಳ ಪ್ರತಿ ಜನವಸತಿಗೂ ಎಲ್ಲ ಕಾಲದಲ್ಲೂ ಓಡಾಡಬಹುದಾದ ರಸ್ತೆ ಒದಗಿಸುವುದು ಅದರ ಮೊದಲ ಗುರಿಯಾಗಿತ್ತು. 2019ರಲ್ಲಿ ಆರಂಭವಾದ ಮೂರನೆಯ ಹಂತದಲ್ಲಿ ಗುರಿ ಬದಲಾಯಿತು. ಹಳ್ಳಿಗಳನ್ನು ಗ್ರಾಮೀಣ ಕೃಷಿ ಮಾರುಕಟ್ಟೆ, ಪ್ರೌಢಶಾಲೆ ಮತ್ತು ಆಸ್ಪತ್ರೆಗಳಿಗೆ ಜೋಡಿಸುವ ಮುಖ್ಯ ರಸ್ತೆಗಳ 1,25,000 ಕಿಲೋಮೀಟರ್ ಉದ್ದವನ್ನು ದೇಶಾದ್ಯಂತ ಉನ್ನತೀಕರಿಸುವುದು ಈ ಹಂತದ ಉದ್ದೇಶ. 2024ರ ಸೆಪ್ಟೆಂಬರಿನಲ್ಲಿ ನಾಲ್ಕನೆಯ ಹಂತಕ್ಕೆ ಒಪ್ಪಿಗೆ ದೊರೆತು, ಇನ್ನೂ ರಸ್ತೆ ಸಂಪರ್ಕವಿಲ್ಲದ 25,000 ಜನವಸತಿಗಳಿಗಾಗಿ 62,500 ಕಿಲೋಮೀಟರ್ ರಸ್ತೆ ನಿರ್ಮಿಸಲು ನಿರ್ಧರಿಸಲಾಯಿತು. ನಿಮ್ಮ ಊರಿನ ರಸ್ತೆ ಯಾವ ಹಂತದಲ್ಲಿ, ಯಾವ ಪಟ್ಟಿಯಲ್ಲಿದೆ ಎಂದು ವಿಚಾರಿಸಿ ತಿಳಿಯುವುದೇ ನಿಗಾದ ಮೊದಲ ಹೆಜ್ಜೆ.

ಈ ಯೋಜನೆಯ ಒಂದು ಷರತ್ತನ್ನು ಪ್ರತಿಯೊಬ್ಬ ರೈತನೂ ನೆನಪಿಡಬೇಕು. ರಸ್ತೆ ಮುಗಿದ ದಿನದಿಂದ 5 ವರ್ಷಗಳವರೆಗೆ ಅದರ ನಿರ್ವಹಣೆ ಕಟ್ಟಿದ ಗುತ್ತಿಗೆದಾರನ ಹೊಣೆ. ಕಾಮಗಾರಿಯ ಸ್ಥಳದಲ್ಲಿ ಹಾಕಿರುವ ಫಲಕದಲ್ಲಿ ರಸ್ತೆಯ ಹೆಸರು, ಉದ್ದ, ವೆಚ್ಚ, ಗುತ್ತಿಗೆದಾರನ ಹೆಸರು, ಮುಗಿದ ದಿನಾಂಕ ಇವೆಲ್ಲ ನಮೂದಾಗಿರುತ್ತವೆ. ಅದನ್ನು ಬರೆದಿಟ್ಟುಕೊಳ್ಳಿ. ನಾಲ್ಕನೆಯ ವರ್ಷದಲ್ಲಿ ಬಿದ್ದ ಗುಂಡಿಗೆ ಪಂಚಾಯಿತಿಯ ಹಣ ಖರ್ಚಾಗಬೇಕಿಲ್ಲ. ಸಂಬಂಧಪಟ್ಟ ಎಂಜಿನಿಯರಿಗೆ ಲಿಖಿತವಾಗಿ ತಿಳಿಸಿದರೆ ಗುತ್ತಿಗೆದಾರನೇ ಮುಚ್ಚಬೇಕಾಗುತ್ತದೆ. 2015ರಿಂದ ಬಳಕೆಯಲ್ಲಿರುವ ‘ಮೇರಿ ಸಡಕ್’ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ ಕೆಟ್ಟ ಜಾಗದ ಛಾಯಾಚಿತ್ರ ತೆಗೆದು ಕಳುಹಿಸಿಯೂ ದೂರು ದಾಖಲಿಸಬಹುದು.

ರಸ್ತೆ ಏಕೆ ಕೆಡುತ್ತದೆ?

ರಸ್ತೆಗೆ ಶತ್ರುಗಳು ಎರಡು: ಒಂದು ನೀರು, ಇನ್ನೊಂದು ಅತಿಭಾರ.

ಡಾಂಬರು ರಸ್ತೆಯ ಬಲವಿರುವುದು ಮೇಲಿನ ಕಪ್ಪು ಪದರದಲ್ಲಲ್ಲ, ಅದರ ಕೆಳಗಿನ ಜಲ್ಲಿ ಮತ್ತು ಗಟ್ಟಿಸಿದ ಮಣ್ಣಿನಲ್ಲಿ. ತಳದ ಮಣ್ಣು ನೀರು ಕುಡಿದು ಮೆತ್ತಗಾದರೆ ಮೇಲಿನ ಪದರ ತಾನಾಗಿ ಬಿರಿಯುತ್ತದೆ. ನಮ್ಮ ಉತ್ತರದ ಜಿಲ್ಲೆಗಳ ಎರೆಭೂಮಿಯಲ್ಲಿ ಈ ತೊಂದರೆ ಹೆಚ್ಚು. ಎರೆಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಬಿರುಕು ಬಿಡುವುದನ್ನು ರೈತರಿಗೆ ಹೇಳಿಕೊಡಬೇಕಿಲ್ಲ. ರಸ್ತೆಯ ನಡುಭಾಗ ಎರಡೂ ಅಂಚುಗಳಿಗಿಂತ ಎತ್ತರವಾಗಿರಬೇಕು. ಬಿದ್ದ ಮಳೆ ಹರಿದು ಪಕ್ಕದ ಚರಂಡಿ ಸೇರಬೇಕು. ಚರಂಡಿಯ ನೀರು ಮೋರಿಯ ಮೂಲಕ ಹಳ್ಳಕ್ಕೆ ಹೋಗಬೇಕು. ಇವು ಮೂರೂ ಸರಿಯಿದ್ದರೆ ಸಾಧಾರಣ ರಸ್ತೆಯೂ ಬಾಳಿಕೆ ಬರುತ್ತದೆ.

ಇಲ್ಲಿ ನಮ್ಮ ಪಾಲಿನ ಹೊಣೆಯೂ ಇದೆ. ಹೊಲವನ್ನು ರಸ್ತೆಯ ಅಂಚಿನವರೆಗೆ ಉತ್ತು ಚರಂಡಿ ಮುಚ್ಚುವುದು, ಗದ್ದೆಯ ಬಸಿನೀರನ್ನು ರಸ್ತೆಗೆ ಬಿಡುವುದು, ನೀರಿನ ಕೊಳವೆ ಹಾಯಿಸಲು ರಸ್ತೆಯನ್ನು ಅಗೆದು ಹಾಗೆಯೇ ಬಿಡುವುದು, ಕೆಸರುಗದ್ದೆಯ ಕಬ್ಬಿಣದ ಚಕ್ರಗಳನ್ನು ಕಳಚದೆ ಟ್ರಾಕ್ಟರನ್ನು ಡಾಂಬರಿನ ಮೇಲೆ ಓಡಿಸುವುದು ಇವೆಲ್ಲ ನಮ್ಮ ರಸ್ತೆಯನ್ನು ನಾವೇ ಕೆಡಿಸಿಕೊಳ್ಳುವ ರೀತಿಗಳು. ನಾಟಿಯ ಕಾಲದಲ್ಲಿ ಚಕ್ರ ಬದಲಾಯಿಸಲು ತಗಲುವ ಸಮಯ ಉಳಿಸಿ, ವರ್ಷವಿಡೀ ಹದಗೆಟ್ಟ ರಸ್ತೆಯಲ್ಲಿ ಮಾಲು ಸಾಗಿಸುವುದು ಲಾಭದ ವ್ಯವಹಾರವಲ್ಲ.

ಅತಿಭಾರದ ವಿಷಯ ಇನ್ನೂ ಮುಖ್ಯವಾದುದು. ಅಮೆರಿಕದ ಇಲಿನಾಯ್ ಪ್ರಾಂತ್ಯದ ಒಟ್ಟಾವದ ಬಳಿ 1958ರಿಂದ 1960ರವರೆಗೆ ಬೇರೆ ಬೇರೆ ಭಾರದ ಲಾರಿಗಳನ್ನು ಒಂದೇ ಸಮನೆ ಓಡಿಸಿ ನಡೆಸಿದ ಪ್ರಯೋಗದಿಂದ, ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆಂದು ಕಂಡುಬಂದಿತು. ಅಂದರೆ ಅಚ್ಚಿನ ಮೇಲೆ 10 ಟನ್ನಿನ ಬದಲು 12 ಟನ್ ಹೇರಿದರೆ ಭಾರ ಹೆಚ್ಚಿದ್ದು ಶೇಕಡಾ 20 ಮಾತ್ರ. ಆದರೆ ಹಾನಿ ಎರಡರಷ್ಟಾಗುತ್ತದೆ. ಭಾರ ಇಮ್ಮಡಿಯಾದರೆ ಹಾನಿ 16 ಪಟ್ಟು.

ಈ ಲೆಕ್ಕದ ಹಿನ್ನೆಲೆಯಲ್ಲಿ ಒಂದು ನೀತಿಯನ್ನು ಪರಿಶೀಲಿಸೋಣ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿ 10.2 ಟನ್ನಿನಿಂದ 11.5 ಟನ್ನಿಗೂ, ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿ 16.2 ಟನ್ನಿನಿಂದ 18.5 ಟನ್ನಿಗೂ ಹೆಚ್ಚಿತು. ಒಂದು ಸಲಕ್ಕೆ ಹೆಚ್ಚು ಮಾಲು ಸಾಗುವುದರಿಂದ ಕ್ವಿಂಟಾಲಿನ ಬಾಡಿಗೆ ಇಳಿಯಬೇಕು, ಇದು ಲಾಭ. ಆದರೆ ನಾಲ್ಕನೆಯ ಘಾತದ ಲೆಕ್ಕದಲ್ಲಿ ಆ ಅಚ್ಚಿನ ಒಂದು ಓಡಾಟದಿಂದ ರಸ್ತೆಗಾಗುವ ಹಾನಿ ಶೇಕಡಾ 60ರಷ್ಟು ಹೆಚ್ಚುತ್ತದೆ. ಹೆದ್ದಾರಿ ಇದನ್ನು ತಾಳಬಹುದು. 3.75 ಮೀಟರ್ ಅಗಲದ ತೆಳು ಹಳ್ಳಿ ರಸ್ತೆ ಬಹುಕಾಲ ತಾಳಲಾರದು. ಬಾಡಿಗೆ ಇಳಿದ ಲಾಭ ನಮಗೆ ಬಂದಿದೆಯೇ, ರಸ್ತೆ ಬಲಪಡಿಸುವ ಕೆಲಸ ನಡೆದಿದೆಯೇ ಎಂದು ಪ್ರಶ್ನಿಸುವ ಹಕ್ಕು ಎರಡೂ ಕಡೆಯಿಂದ ತೆರುವ ರೈತನಿಗಿದೆ.

ರಸ್ತೆ ಒಕ್ಕಣೆಯ ಕಣವಲ್ಲ

ಸುಗ್ಗಿಯಲ್ಲಿ ರಾಗಿ, ಹುರುಳಿ, ತೊಗರಿ, ಅವರೆ ಮುಂತಾದವನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ಪದ್ಧತಿ ಹಲವು ಜಿಲ್ಲೆಗಳಲ್ಲಿದೆ. ಕಣ ಮಾಡುವ ಜಾಗ, ಎತ್ತು, ಆಳು ಮೂರೂ ಕಡಿಮೆಯಾದುದರಿಂದ ಈ ರೂಢಿ ಬೆಳೆಯಿತೆಂಬುದು ನಿಜ. ಆದರೂ ಇದರ ಬೆಲೆ ದುಬಾರಿ. ಹರಡಿದ ಪೈರಿನ ಮೇಲೆ ದ್ವಿಚಕ್ರ ವಾಹನ ಜಾರಿ ಸವಾರರು ಸಾಯುತ್ತಾರೆ. ಹುರುಳಿಯ ಬಳ್ಳಿ ಕಾರಿನ ಅಡಿಯ ತಿರುಗುವ ಭಾಗಗಳಿಗೆ ಸುತ್ತಿಕೊಂಡು, ಬಿಸಿಯಾದ ಹೊಗೆ ಕೊಳವೆಗೆ ತಗುಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಕಾಳು ಗುಡಿಸಲು ಕುಳಿತ ಹೆಂಗಸರು, ರಾಶಿ ಕಾಯುತ್ತ ಅಲ್ಲಿಯೇ ಮಲಗಿದವರು ವಾಹನಕ್ಕೆ ಸಿಕ್ಕುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ ಸಾರ್ವಜನಿಕ ದಾರಿಗೆ ಅಡ್ಡಿಯುಂಟುಮಾಡಿದವರಿಗೆ 5,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಬೇಸಾಯ ಶಾಸ್ತ್ರದ ದೃಷ್ಟಿಯಿಂದಲೂ ಇದು ನಷ್ಟದ ಕೆಲಸ. ಟೈರಿನಡಿ ಸಿಕ್ಕ ಕಾಳು ಒಡೆಯುತ್ತದೆ. ಜಲ್ಲಿಯ ಚೂರು, ಡಾಂಬರಿನ ಕಣ, ಎಣ್ಣೆ ಕಾಳಿನೊಡನೆ ಸೇರುತ್ತವೆ. ಎಣ್ಣೆ ಹತ್ತಿದ ಹುಲ್ಲನ್ನು ದನಗಳು ಮೂಸಿ ಬಿಡುತ್ತವೆ. ರಾಗಿ ಹುಲ್ಲಿನ ಇಂದಿನ ಬೆಲೆಯಲ್ಲಿ ಇದು ಸಣ್ಣ ನಷ್ಟವಲ್ಲ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಭತ್ತ ಒಣಗಿಸಿದರೆ ಕಾಳು ಒಮ್ಮೆಲೇ ಕಾದು ಒಳಗೇ ಬಿರುಕು ಬಿಡುತ್ತದೆ, ಗಿರಣಿಯಲ್ಲಿ ನುಚ್ಚು ಹೆಚ್ಚಾಗುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಭತ್ತಕ್ಕೆ ಶೇಕಡಾ 17, ರಾಗಿಗೆ ಶೇಕಡಾ 12 ತೇವಾಂಶದ ಮಿತಿಯಿದೆ. ಈ ಹದವನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಆಗಾಗ್ಗೆ ಕೈಯಾಡಿಸಿ, ಎರಡು ಮೂರು ದಿನಗಳಲ್ಲಿ ಸಾಧಿಸುವುದು ಉತ್ತಮ.

ಬದಲಿ ವ್ಯವಸ್ಥೆಯಿಲ್ಲದೆ ಬರಿಯ ನಿಷೇಧದಿಂದ ಫಲವಿಲ್ಲ. ಬಾಡಿಗೆಗೆ ದೊರೆಯುವ ಒಕ್ಕಣೆ ಯಂತ್ರಗಳನ್ನು ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ವಿಚಾರಿಸಿ, ನಾಲ್ಕಾರು ಮನೆಯವರು ಸೇರಿ ಒಂದೇ ದಿನ ಗೊತ್ತುಮಾಡಿಕೊಂಡರೆ ವೆಚ್ಚ ಹಗುರವಾಗುತ್ತದೆ. ಉದ್ಯೋಗ ಖಾತರಿಯ ಕಾಮಗಾರಿಯಲ್ಲಿ ಸಾಮೂಹಿಕ ಒಕ್ಕಣೆ ಕಣ ಕಟ್ಟಿಸಿಕೊಂಡ ಗ್ರಾಮಗಳು ಇವೆ. ನಿಮ್ಮ ಊರಿಗೆ ಕಣ ಬೇಕೆಂಬುದನ್ನು ಸುಗ್ಗಿಗೆ ಮುಂಚೆಯೇ ಗ್ರಾಮಸಭೆಯಲ್ಲಿ ಮಂಡಿಸಿ ನಡವಳಿಯಲ್ಲಿ ಬರೆಸಿರಿ.

ಟ್ರಾಕ್ಟರು ಮತ್ತು ರಾತ್ರಿಯ ಪ್ರಯಾಣ

ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಹಗಲಿರುಳೆನ್ನದೆ ಟ್ರಾಕ್ಟರುಗಳು ಸಾಲುಗಟ್ಟುತ್ತವೆ. ಕತ್ತಲಲ್ಲಿ ದೀಪವಿಲ್ಲದ ಟ್ರೇಲರ್ ನಿಂತಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಸಾಗುತ್ತದೆ. ತಗ್ಗಿಸಿದ ದೀಪದ ಬೆಳಕಿನಲ್ಲಿ ಅದರ ಚಾಲಕನಿಗೆ ಸ್ಪಷ್ಟವಾಗಿ ಕಾಣುವುದು 40ರಿಂದ 50 ಮೀಟರ್. ಕಂಡುದನ್ನು ಗ್ರಹಿಸಿ ಬ್ರೇಕ್ ಒತ್ತುವಷ್ಟರಲ್ಲಿ ಆ ದೂರ ಮುಗಿದಿರುತ್ತದೆ. ಟ್ರೇಲರಿನ ಹಿಂಬದಿಗೆ ಅಂಟಿಸುವ ಕೆಂಪು ಪ್ರತಿಫಲಕ ಪಟ್ಟಿ ಎದುರಿನ ಬೆಳಕನ್ನು ಹಿಂತಿರುಗಿಸಿ ಬಹುದೂರದಿಂದಲೇ ಹೊಳೆಯುತ್ತದೆ. ಕೆಲವು ನೂರು ರೂಪಾಯಿಗಳ ಈ ಪಟ್ಟಿಗಿಂತ ಅಗ್ಗದ ವಿಮೆ ಬೇರೆಯಿಲ್ಲ. ಕಬ್ಬಿನ ಸೋಗೆ ಅದನ್ನು ಮರೆಮಾಡದಂತೆಯೂ, ಧೂಳು ಮುಚ್ಚದಂತೆಯೂ ಪ್ರತಿ ಸಲ ಹೊರಡುವ ಮುನ್ನ ನೋಡಿರಿ. ಎತ್ತಿನ ಗಾಡಿಗೂ ಈ ಮಾತು ಅನ್ವಯಿಸುತ್ತದೆ.

ಟ್ರಾಕ್ಟರು ಚಾಲಕರು ಪಾಲಿಸಬೇಕಾದ ಇತರ ಕ್ರಮಗಳು:

1. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಟ್ರಾಕ್ಟರಿಗೆ ಎಡ ಬಲ ಎರಡು ಬ್ರೇಕ್ ಪೆಡಲುಗಳಿವೆ. ರಸ್ತೆಗೆ ಬಂದೊಡನೆ ಎರಡನ್ನೂ ಕೊಂಡಿಯಿಂದ ಜೋಡಿಸಬೇಕು. ಒಂದೇ ಪೆಡಲು ಒತ್ತಿದರೆ ಟ್ರಾಕ್ಟರು ಒಂದು ಬದಿಗೆ ತಿರುಗಿ ಮಗುಚುತ್ತದೆ.

2. ಇಳಿಜಾರಿನಲ್ಲಿ ಗೇರ್ ತಪ್ಪಿಸಿ ಓಡಿಸಬಾರದು. ಹಿಂದಿನ ಭಾರ ಟ್ರಾಕ್ಟರನ್ನು ನೂಕುತ್ತದೆ. ಬ್ರೇಕ್ ಇಲ್ಲದ ಎರಡು ಟ್ರೇಲರುಗಳನ್ನು ಒಂದಕ್ಕೊಂದು ಕಟ್ಟಿ ಎಳೆಯುವುದರಿಂದ ಈ ಅಪಾಯ ಇಮ್ಮಡಿಸುತ್ತದೆ.

3. ಟ್ರಾಕ್ಟರಿನಲ್ಲಿರುವುದು ಚಾಲಕನ ಆಸನ ಒಂದೇ. ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬಾರದು. ಮಾಲಿನ ಮೇಲೆ ಆಳುಗಳನ್ನು ಕೂರಿಸಿ ಕಳುಹಿಸಬಾರದು. ಅಪಘಾತವಾದರೆ ಹೀಗೆ ಕುಳಿತವರಿಗೆ ವಿಮೆಯ ರಕ್ಷಣೆ ದೊರೆಯದೆ, ಪರಿಹಾರದ ಭಾರ ಮಾಲೀಕನ ತಲೆಯ ಮೇಲೆ ಬಂದು ಜಮೀನು ಮಾರುವ ಸ್ಥಿತಿ ಒದಗಬಹುದು.

4. ಕೆಟ್ಟು ನಿಂತ ಟ್ರೇಲರನ್ನು ರಸ್ತೆಯಿಂದ ಸಂಪೂರ್ಣವಾಗಿ ಕೆಳಗಿಳಿಸಬೇಕು. ಹಿಂದೆ ಇಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆದು ಹಾಕುವುದನ್ನು ಮರೆಯಬಾರದು.

ಅಪಘಾತವಾದಾಗ 108ಕ್ಕೆ ಕರೆ ಮಾಡಿರಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸರ ಅಥವಾ ನ್ಯಾಯಾಲಯದ ತೊಂದರೆಯಾಗದಂತೆ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿ ರಕ್ಷಣೆ ಕೊಟ್ಟಿದೆ. 2025ರ ಮೇ 5ರಿಂದ ಜಾರಿಯಲ್ಲಿರುವ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಗದು ಕಟ್ಟದೆ ಚಿಕಿತ್ಸೆ ಪಡೆಯುವ ಅವಕಾಶವಿದೆ. ಡಿಕ್ಕಿ ಹೊಡೆದ ವಾಹನ ಗೊತ್ತಾಗದೆ ಹೋದಲ್ಲಿ ಮೃತರ ಕುಟುಂಬಕ್ಕೆ 2 ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 50,000 ರೂಪಾಯಿ ಪರಿಹಾರವಿದೆ. ಇದಕ್ಕೆ ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸಬೇಕು. ತಿಳಿಯದೆ ಈ ಹಣ ಬಿಟ್ಟ ಕುಟುಂಬಗಳು ಹಳ್ಳಿಗಳಲ್ಲಿವೆ. ಓದಿದವರು ಅಂಥವರಿಗೆ ಅರ್ಜಿ ಬರೆದುಕೊಡಿರಿ.

ಬಾಡಿಗೆಯ ಲೆಕ್ಕ

ಸಾಗಣೆ ವೆಚ್ಚವನ್ನು ಗಾಡಿಗಿಷ್ಟು ಎಂದು ಲೆಕ್ಕ ಹಾಕಿದರೆ ಸತ್ಯ ಕಾಣುವುದಿಲ್ಲ. ಕಿಲೋಗ್ರಾಮಿಗೆ ಎಷ್ಟು ಬಿತ್ತೆಂದು ನೋಡಬೇಕು. ಉದಾಹರಣೆಗೆ, ಒಂದು ಸಣ್ಣ ಸರಕು ವಾಹನದ ಬಾಡಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. 15 ಕಿಲೋಗ್ರಾಮಿನ 40 ಕ್ರೇಟ್ ಟೊಮ್ಯಾಟೊ ಕಳುಹಿಸಿದರೆ ಕಿಲೋಗ್ರಾಮಿಗೆ 5 ರೂಪಾಯಿ ಬೀಳುತ್ತದೆ. ಅಕ್ಕಪಕ್ಕದ ಮೂವರು ಸೇರಿ 100 ಕ್ರೇಟ್ ತುಂಬಿದರೆ 2 ರೂಪಾಯಿ. ಧಾರಣೆ ಕುಸಿದ ವಾರದಲ್ಲಿ ಈ 3 ರೂಪಾಯಿಯೇ ಕೊಯ್ಯಬೇಕೋ ಬಿಡಬೇಕೋ ಎಂಬುದನ್ನು ನಿರ್ಧರಿಸುತ್ತದೆ. ಆದರೆ ಸೇರಿ ಕಳುಹಿಸುವುದೆಂದರೆ ಮಿತಿಮೀರಿ ತುಂಬುವುದೆಂದು ಅರ್ಥವಲ್ಲ. 2019ರ ತಿದ್ದುಪಡಿಯಂತೆ ಅತಿಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ ದಂಡವನ್ನು ಕಾಯಿದೆ ಹೇಳುತ್ತದೆ. ಓಡಿಸಿದವನಂತೆಯೇ ಓಡಿಸಲು ಬಿಟ್ಟವನೂ ಹೊಣೆಗಾರ.

ಕಬ್ಬು ಬೆಳೆಗಾರರಿಗೆ ಸಾಗಣೆಯ ಲೆಕ್ಕ ಇನ್ನೂ ಹತ್ತಿರದ್ದು. ಕೇಂದ್ರ ಸರ್ಕಾರ ನಿಗದಿ ಮಾಡುವ ನ್ಯಾಯಸಮ್ಮತ ಬೆಲೆ, 2025-26ರ ಹಂಗಾಮಿಗೆ ಶೇಕಡಾ 10.25 ಇಳುವರಿಯ ಕಬ್ಬಿಗೆ ಕ್ವಿಂಟಾಲಿಗೆ 355 ರೂಪಾಯಿ. ಇದು ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ಬೆಲೆ. ಕಟಾವು ಮತ್ತು ಸಾಗಣೆಯ ವೆಚ್ಚ ಇದರಲ್ಲಿಯೇ ಕಡಿತವಾಗುವುದರಿಂದ, ಕಡಿತ ಎಷ್ಟು, ಯಾವ ದೂರಕ್ಕೆ ಎಂಬ ವಿವರವನ್ನು ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಕಡಿದ ಕಬ್ಬು 24 ಗಂಟೆಗಳೊಳಗೆ ಅರೆಯಲ್ಪಡದಿದ್ದರೆ ತೂಕವೂ ಸಕ್ಕರೆಯೂ ಇಳಿಯುತ್ತವೆ. ತೂಕ ಇಳಿದ ನಷ್ಟ ರೈತನದು. ತೂಕದ ಸೇತುವೆಗಳಿಗೆ ಕಾನೂನು ಮಾಪನ ಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಪ್ರಮಾಣಪತ್ರದ ದಿನಾಂಕ ನೋಡುವ ಅಭ್ಯಾಸವಿಟ್ಟುಕೊಳ್ಳಿರಿ.

ಸಾಗಣೆ ಸಂಸ್ಥೆಯ ಮೂಲಕ ದೂರದೂರಿಗೆ ಮಾಲು ಕಳುಹಿಸುವಾಗ ತೂಕ, ನಗಗಳ ಸಂಖ್ಯೆ, ದಿನಾಂಕ ನಮೂದಿಸಿದ ರಶೀದಿ ಪಡೆಯಲೇಬೇಕು. 2007ರ ರಸ್ತೆ ಸಾಗಣೆ ಕಾಯಿದೆಯಂತೆ ಮಾಲು ನಷ್ಟವಾದರೆ ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ತಿಳಿವಳಿಕೆ ಕೊಟ್ಟವರಿಗೆ ಮಾತ್ರ ದಾವೆಯ ಹಕ್ಕು ಉಳಿಯುತ್ತದೆ. ಕೃಷಿ ಉತ್ಪನ್ನಗಳ ಸಾಗಣೆ ಬಾಡಿಗೆಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇರುವುದನ್ನೂ ತಿಳಿದಿರಿ.

ನೀತಿ ಬದಲಾಗುತ್ತದೆ, ನಿಗಾ ಇರಲಿ

ಸಾಗಣೆಯ ಅನುಕೂಲಗಳು ಶಾಶ್ವತವಲ್ಲ ಎಂಬುದಕ್ಕೆ ಕಿಸಾನ್ ರೈಲು ಒಳ್ಳೆಯ ನಿದರ್ಶನ. ಮೊದಲ ಕಿಸಾನ್ ರೈಲು 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಹೊರಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ದೆಹಲಿಯ ಹಜರತ್ ನಿಜಾಮುದ್ದೀನಿಗೂ ಇಂಥ ಗಾಡಿ ಓಡಿತು. ಹಣ್ಣು ತರಕಾರಿಗಳ ಬಾಡಿಗೆಯಲ್ಲಿ ಅರ್ಧದಷ್ಟು ಸಹಾಯಧನ ದೊರೆಯುತ್ತಿದ್ದುದರಿಂದ ಬೆಳೆಗಾರರು ಇದನ್ನು ಬಳಸಿದರು. ಆಹಾರ ಸಂಸ್ಕರಣಾ ಸಚಿವಾಲಯದ ಆ ಸಹಾಯಧನ 2022ರ ಮಾರ್ಚ್ ಅಂತ್ಯಕ್ಕೆ ನಿಂತಿತು. ಹಳೆಯ ಬಾಡಿಗೆಯನ್ನೇ ನಂಬಿ ಮಾಲು ಕಟ್ಟಿದವನ ಲೆಕ್ಕ ತಪ್ಪುತ್ತದೆ. ಆದ್ದರಿಂದ ಪ್ರತಿ ಹಂಗಾಮಿಗೆ ಮುಂಚೆ ಬಾಡಿಗೆ, ರಿಯಾಯಿತಿ, ನಿಯಮಗಳನ್ನು ಹೊಸದಾಗಿ ವಿಚಾರಿಸಬೇಕು.

ಊರಿಗೊಂದು ‘ದಾರಿ ಪುಸ್ತಕ’ ಇಡುವುದು ಇದಕ್ಕೆ ಸುಲಭ ಉಪಾಯ. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಅಥವಾ ರೈತ ಉತ್ಪಾದಕರ ಕಂಪನಿಯಲ್ಲಿ ಒಂದು ದಪ್ಪ ಪುಸ್ತಕವಿದ್ದರೆ ಸಾಕು. ಮಾಲು ಹೊರಟ ದಿನ ಮತ್ತು ಹೊತ್ತು, ಹೊರಟಾಗಿನ ತೂಕ, ಮುಟ್ಟಿದಾಗಿನ ತೂಕ, ಕೆಟ್ಟ ನಗಗಳು, ಕೊಟ್ಟ ಬಾಡಿಗೆ, ತಡವಾದುದಕ್ಕೆ ಕಾರಣ ಇಷ್ಟನ್ನು ಬರೆಯಬೇಕು. ರಸ್ತೆ ಕೆಟ್ಟು ಹಾಲಿನ ವಾಹನ ಬಾರದ ದಿನಗಳನ್ನೂ, ಅಪಘಾತವಾದ ಸ್ಥಳಗಳನ್ನೂ ಗುರುತಿಸಬೇಕು. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೆ 10 ಸಾವುಗಳಾದರೆ ಅದು ಅಪಘಾತ ವಲಯವೆನಿಸುತ್ತದೆ. ನಿಮ್ಮ ಪುಸ್ತಕದ ದಾಖಲೆಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳುಹಿಸಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿದರೆ 30 ದಿನಗಳಲ್ಲಿ ಮಾಹಿತಿ ಕೊಡಬೇಕಾಗುತ್ತದೆ. ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ಲೋಪದಿಂದ ಸಾವು, ಅಂಗವಿಕಲತೆ ಸಂಭವಿಸಿದರೆ ಗುತ್ತಿಗೆದಾರ ಮತ್ತು ಪ್ರಾಧಿಕಾರಕ್ಕೆ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯಿದೆಯ 198-ಎ ಕಲಮಿನಲ್ಲಿ ಅವಕಾಶವಿದೆ. ‘ರಸ್ತೆ ಸರಿಯಿಲ್ಲ’ ಎಂಬ ಬಾಯಿಮಾತಿಗೆ ಸಿಗದ ಬೆಲೆ, ದಿನಾಂಕ ಮತ್ತು ಅಂಕಿಗಳಿರುವ ಒಂದು ಹಾಳೆಗೆ ಸಿಗುತ್ತದೆ.

ರೈತ ಬಾಂಧವರು ಗಮನದಲ್ಲಿಡಬೇಕಾದ ಅಂಶಗಳು

1. ಊರಿನ ರಸ್ತೆ ಯಾರ ಸುಪರ್ದಿಯಲ್ಲಿದೆ, 5 ವರ್ಷಗಳ ನಿರ್ವಹಣೆಯ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಬರೆದಿಡಿ.

2. ಮಳೆಗಾಲಕ್ಕೆ ಮುಂಚೆ ರಸ್ತೆ ಪಕ್ಕದ ಚರಂಡಿ, ಮೋರಿಗಳನ್ನು ತೆರವು ಮಾಡಿಸಿ. ನಿಮ್ಮ ಹೊಲದ ಅಂಚಿನಷ್ಟನ್ನಾದರೂ ನೀವೇ ಮಾಡಿ.

3. ಒಕ್ಕಣೆಯನ್ನು ಕಣದಲ್ಲಿ ಅಥವಾ ಯಂತ್ರದಲ್ಲಿ ಮಾಡಿ.

4. ಪ್ರತಿ ಟ್ರೇಲರಿಗೂ ಪ್ರತಿಫಲಕ ಪಟ್ಟಿ ಹಾಕಿಸಿ. ಬ್ರೇಕ್ ಪೆಡಲುಗಳನ್ನು ಜೋಡಿಸಿ ಓಡಿಸಿ.

5. ಬಾಡಿಗೆಯನ್ನು ಕಿಲೋಗ್ರಾಮಿನ ಲೆಕ್ಕದಲ್ಲಿ ನೋಡಿ, ಸೇರಿ ಸಾಗಿಸಿ, ರಶೀದಿ ಪಡೆಯಿರಿ.

6. ದಾರಿ ಪುಸ್ತಕವನ್ನು ವರ್ಷಕ್ಕೆರಡು ಬಾರಿ ಗ್ರಾಮಸಭೆಯಲ್ಲಿ ಓದಿರಿ.

ಬಿತ್ತನೆಯಿಂದ ಕೊಯ್ಲಿನವರೆಗೆ ಬೆಳೆಯ ಮೇಲೆ ಕಣ್ಣಿಡುವ ರೈತನಿಗೆ ಇನ್ನು ಕೆಲವು ಮೈಲಿಗಳ ದೂರ ಅದೇ ಕಣ್ಣನ್ನು ಇಡುವುದು ಕಷ್ಟವಾಗಲಾರದು. ಬೆಳೆಯ ಬೆಲೆ ಮನೆಗೆ ಬರಬೇಕು. ಅದಕ್ಕಿಂತ ಮೊದಲು ಮಾಲು ಒಯ್ದವರು ಕ್ಷೇಮವಾಗಿ ಮನೆಗೆ ಬರಬೇಕು. ಈ ಹಂಗಾಮಿನಿಂದಲೇ ಇದನ್ನು ಆರಂಭಿಸಿರಿ.